ಲೂಸಿಗೆ ಯಾವ ಕೆಲಸವೂ ಬರುವುದಿಲ್ಲ

ಅಮ್ಮ 11 ವರ್ಷ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಶರ್ಟಿಗೆ ಕಾಲರ್ ಕೂರಿಸುವ ಲೈನಿನಲ್ಲಿ ಅವಳ ಮೆಷಿನ್. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಟಾರ್ಗೆಟ್ ಆಗದ ದಿನ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಿದ್ದ. ಆದ ದಿನ ಮಾರನೇ ದಿನದ್ದನ್ನು ಏರಿಸುತ್ತಿದ್ದ. ಇದನ್ನೆಲ್ಲ ಅಮ್ಮ ಆಗ ಮನೆಯಲ್ಲಿ ಹೇಳಿದವಳೇ ಅಲ್ಲ. ನನಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ, ಅದೂ ಒಂದು ಚಾಕಲೇಟಿನ ಬೆಲ್ಟಿನಿಂದ.

ಭಾನುವಾರ ಮಧ್ಯಾಹ್ನ. ಊಟ ಮುಗಿಸಿ ಲ್ಯಾಪ್‌ಟಾಪಿನಲ್ಲಿ ಒಂದು ಹಳೇ ಅಮೆರಿಕನ್ ಕಾಮಿಡಿ ಹಾಕಿಕೊಂಡಿದ್ದೆ. ಕಪ್ಪು-ಬಿಳುಪು. ಇಬ್ಬರು ಹೆಂಗಸರು, ತಲೆಗೆ ಬಿಳೀ ಟೋಪಿ, ಮುಂದೆ ಓಡುವ ಬೆಲ್ಟು. ಬೆಲ್ಟಿನ ಮೇಲೆ ಚಾಕಲೇಟ್ ಒಂದೊಂದಾಗಿ ಬರುತ್ತದೆ. ಅದಕ್ಕೆ ಕಾಗದ ಸುತ್ತಿ ವಾಪಸ್ ಬೆಲ್ಟಿಗೆ ಇಡಬೇಕು. ಸುತ್ತದ ಚಾಕಲೇಟ್ ಒಂದೇ ಒಂದು ಆಚೆ ಹೋದರೂ ನಿಮ್ಮ ಕೆಲಸ ಹೋಯಿತು ಅಂತ ಸೂಪರ್‌ವೈಸರಮ್ಮ ಹೇಳಿ ಹೋಗಿದ್ದಾಳೆ. ಮೊದಲು ನಿಧಾನ. ಆಮೇಲೆ ಬೆಲ್ಟ್ ಜೋರಾಗುತ್ತದೆ. ಕೈ ಸಾಲುವುದಿಲ್ಲ. ಇಬ್ಬರೂ ಚಾಕಲೇಟನ್ನು ಬಾಯಿಗೆ ತುರುಕುತ್ತಾರೆ, ಟೋಪಿಯೊಳಗೆ ಬಚ್ಚಿಡುತ್ತಾರೆ, ಎದೆಯ ಹತ್ತಿರ ಬಟ್ಟೆಯೊಳಗೆ ಇಳಿಸುತ್ತಾರೆ.

ನಾನು ಬಿದ್ದು ಬಿದ್ದು ನಗುತ್ತಿದ್ದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಿ ನೋಡಿದಳು. ನಗಲಿಲ್ಲ. ಬೆಲ್ಟನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಸೂಪರ್‌ವೈಸರಮ್ಮ ವಾಪಸ್ ಬಂದಳು. ಬೆಲ್ಟ್ ಖಾಲಿ. ಇಬ್ಬರ ಕೆನ್ನೆಯೂ ಊದಿಕೊಂಡಿದೆ, ಬಾಯಿ ಬಿಡುವ ಹಾಗಿಲ್ಲ. ಭೇಷ್, ಚೆನ್ನಾಗಿ ಮಾಡ್ತಿದೀರಿ ಅಂದವಳು ಆಚೆ ತಿರುಗಿ ಕೂಗಿದಳು: ಇನ್ನೂ ಸ್ವಲ್ಪ ಜೋರು ಮಾಡಪ್ಪಾ!

ಆಗ ಅಮ್ಮ ನಕ್ಕಳು. ಮೊರ ಅಲುಗಾಡಿ ಕಾಳು ನೆಲಕ್ಕೆ ಬೀಳುವ ಹಾಗೆ ನಕ್ಕಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. "ಟಾರ್ಗೆಟ್ ಜಾಸ್ತಿ ಮಾಡಿದ್ಳು ಅಲ್ವೇನೇ?" ಅಂದಳು. "ಮುಗ್ಸಿದ್ರೆ ಅದೇ ಬಹುಮಾನ."

ಬಾಯಿ ತುಂಬ ಚಾಕಲೇಟ್ ತುಂಬಿಕೊಂಡ ಆ ಹೆಂಗಸು ಲೂಸಿಲ್ ಬಾಲ್. ಕಾರ್ಯಕ್ರಮದ ಹೆಸರು 'ಐ ಲವ್ ಲೂಸಿ'. ಈ ಕಂತು ಪ್ರಸಾರವಾಗಿದ್ದು 1952ರ ಸೆಪ್ಟೆಂಬರ್ 15ರಂದು. ಅಮ್ಮ ಆಗ ಹುಟ್ಟಿರಲಿಲ್ಲ. ಆವತ್ತಿನಿಂದ ನಾನು ಈ ಹೆಂಗಸಿನ ಹಿಂದೆ ಬಿದ್ದಿದ್ದೇನೆ. ರಾತ್ರಿ ಒಂದೊಂದು ಕಂತು, ಜೊತೆಗೆ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು. ಗೊಂದಲ ಆಗದಿರಲಿ ಅಂತ ಪಾತ್ರವನ್ನು ಲೂಸಿ ಅಂತಲೂ ನಟಿಯನ್ನು ಲೂಸಿಲ್ ಅಂತಲೂ ಕರೆಯುತ್ತೇನೆ.

ಲೂಸಿ ನ್ಯೂಯಾರ್ಕಿನ ಒಂದು ಅಪಾರ್ಟ್‌ಮೆಂಟಿನ ಗೃಹಿಣಿ. ಗಂಡ ರಿಕಿ ರಿಕಾರ್ಡೊ ಕ್ಯೂಬಾದವನು, ಕ್ಲಬ್ಬಿನಲ್ಲಿ ಬ್ಯಾಂಡ್ ನಡೆಸುತ್ತಾನೆ. ಮನೆ ಮಾಲೀಕರಾದ ಫ್ರೆಡ್ ಮತ್ತು ಎಥೆಲ್ ಅದೇ ಕಟ್ಟಡದಲ್ಲಿದ್ದಾರೆ. ಲೂಸಿಗೆ ಇರುವುದು ಒಂದೇ ಆಸೆ, ಗಂಡನ ಕ್ಲಬ್ಬಿನ ಸ್ಟೇಜ್ ಹತ್ತಬೇಕು. ಗಂಡ ಬೇಡ ಅಂತಾನೆ. ಅವಳು ವಾರಕ್ಕೊಂದು ಉಪಾಯ ಹೂಡುತ್ತಾಳೆ. ವಾರಕ್ಕೊಂದು ಎಡವಟ್ಟು. ಅವಳಿಗೆ ಹಾಡೋಕೆ ಬರಲ್ಲ, ದುಡ್ಡಿನ ಲೆಕ್ಕ ಇಡೋಕೆ ಬರಲ್ಲ, ಚಾಕಲೇಟ್ ಸುತ್ತೋಕೂ ಬರಲ್ಲ. ಯಾವ ಕೆಲಸವೂ ಬರುವುದಿಲ್ಲ.

ಲೂಸಿಲ್‌ಗೆ ಬಾರದ ಕೆಲಸ ಯಾವುದು ಅಂತ ನಾನು ಹುಡುಕುತ್ತಲೇ ಇದ್ದೇನೆ.

ಹುಟ್ಟಿದ್ದು 1911ರ ಆಗಸ್ಟ್ 6ರಂದು, ಜೇಮ್ಸ್‌ಟೌನ್‌ನಲ್ಲಿ. ಅದು ನ್ಯೂಯಾರ್ಕ್ ರಾಜ್ಯದಲ್ಲೇ ಇದೆ, ಆದರೆ ದೊಡ್ಡ ಕಟ್ಟಡಗಳ ನ್ಯೂಯಾರ್ಕ್ ಅಲ್ಲ. ರಾಜ್ಯದ ಪಶ್ಚಿಮದ ಅಂಚಿನಲ್ಲಿರುವ ಸಣ್ಣ ಪಟ್ಟಣ. ಅಪ್ಪ ಟೆಲಿಫೋನ್ ಕಂಪನಿಯ ಲೈನ್‌ಮನ್. 1915ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡ. ಮಗಳಿಗೆ ಆಗ ಮೂರು ವರ್ಷ, ಅಮ್ಮ ಬಸುರಿ. ಅಪ್ಪ ಹೋದ ದಿನದ್ದು ಅಂತ ಲೂಸಿಲ್‌ಗೆ ಉಳಿದಿದ್ದು ಒಂದೇ ನೆನಪು: ಮನೆಯೊಳಗೆ ಒಂದು ಹಕ್ಕಿ ಸಿಕ್ಕಿಕೊಂಡಿತ್ತು. ಮುಂದೆ ಜೀವನವಿಡೀ ಆಕೆಗೆ ಹಕ್ಕಿ ಕಂಡರೆ ಭಯ. ಗೋಡೆಗೆ ಹಕ್ಕಿಯ ಚಿತ್ರ ತೂಗುಹಾಕಿದ ಹೋಟೆಲ್ ರೂಮಿನಲ್ಲೂ ಉಳಿಯುತ್ತಿರಲಿಲ್ಲ.

ಬೆಳೆದಿದ್ದು ಪಕ್ಕದ ಸೆಲೊರಾನ್‌ನಲ್ಲಿ, ಅಮ್ಮನ ತವರುಮನೆಯಲ್ಲಿ. ಕೆರೆ ದಂಡೆ, ಅಲ್ಲೊಂದು ಮನರಂಜನೆಯ ಪಾರ್ಕು, ಜೊತೆಗೆ ನಾಟಕ-ಹಾಸ್ಯ ತೋರಿಸಲು ಕರೆದುಕೊಂಡು ಹೋಗುವ ಅಜ್ಜ. ಆ ಅಜ್ಜನೇ 1927ರಲ್ಲಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ಸಣ್ಣ ಬಂದೂಕು ತಂದುಕೊಟ್ಟ. ಹಿತ್ತಲಲ್ಲಿ ಮಕ್ಕಳೆಲ್ಲ ಗುರಿ ಹೊಡೆಯುವ ಆಟ ಆಡುವಾಗ ಅದರಿಂದ ಹಾರಿದ ಗುಂಡು ನೆರೆಮನೆಯ ಹುಡುಗನ ಬೆನ್ನಿಗೆ ಹೊಕ್ಕಿತು. ಹಾರಿಸಿದ್ದು ಇವರ ಮನೆಯ ಮಕ್ಕಳಲ್ಲ. ಆದರೆ ಬಂದೂಕು ಇವರದ್ದು, ಅಂಗಳ ಇವರದ್ದು. ಹುಡುಗನಿಗೆ ಮತ್ತೆ ನಡೆಯಲಾಗಲಿಲ್ಲ. ಕೇಸು ನಡೆದು ಅಜ್ಜ ಮನೆಯನ್ನೇ ಕಳೆದುಕೊಂಡ.

ಇದಕ್ಕೂ ಮೊದಲೇ, 15ನೇ ವಯಸ್ಸಿಗೆ, ಆಕೆ ನ್ಯೂಯಾರ್ಕ್ ನಗರದ ಒಂದು ನಾಟಕ ಶಾಲೆಗೆ ಸೇರಿ ವಾಪಸ್ ಬಂದಾಗಿತ್ತು. ಅಲ್ಲಿ ಎಲ್ಲರ ಕಣ್ಣು ಮುಂದೆ ದೊಡ್ಡ ಸಿನಿಮಾ ತಾರೆಯಾದ ಬೆಟ್ಟಿ ಡೇವಿಸ್ ಮೇಲೆ. ಇವಳಿಗೆ ನಾಚಿಕೆ, ಬಾಯೇ ಏಳುತ್ತಿರಲಿಲ್ಲ. ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀರಿ ಅಂತ ಶಾಲೆಯವರು ಅಮ್ಮನಿಗೆ ಹೇಳಿ ಕಳಿಸಿದರು. ಮತ್ತೆ ನ್ಯೂಯಾರ್ಕಿಗೆ ಹೋದಳು, ಬಟ್ಟೆ ಅಂಗಡಿಗೆ ಮಾಡೆಲ್ ಆದಳು. ಆಗ ಕಾಲಿನ ಕೀಲುಗಳಿಗೆ ಕಾಯಿಲೆ ಬಂತು. ಎರಡು ವರ್ಷದ ಹತ್ತಿರ ಮನೆ ಹಿಡಿದಳು. ನಡೆಯುವುದನ್ನು ಎರಡನೇ ಸಲ ಕಲಿತಳು. ಆಕೆ ಬೀಳುವ ದೃಶ್ಯಗಳನ್ನು ನೋಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಯಾವ ಸ್ನಾಯು ಎಲ್ಲಿ ಎಳೆಯುತ್ತದೆ ಅಂತ ಮೈಗೆ ಗೊತ್ತಿರುವವರು ಮಾತ್ರ ಅಷ್ಟು ಚೆಂದವಾಗಿ ಎಡವಬಹುದು.

1933ರಲ್ಲಿ ಹಾಲಿವುಡ್ಡಿಗೆ ಹೋದಳು. ಮುಂದಿನ ಹದಿನೈದು ವರ್ಷಗಳ ಸಿನಿಮಾ ಕಥೆಯನ್ನು ನಾನು ಬೇಗ ದಾಟುತ್ತೇನೆ, ಯಾಕೆಂದರೆ ಹಾಲಿವುಡ್ಡೂ ಅದನ್ನು ಹಾಗೇ ದಾಟಿತು. ಹತ್ತಾರು ಸಿನಿಮಾ. ಹಿಂದೆ ನಿಲ್ಲುವ ಹುಡುಗಿ, ನಾಯಕಿಯ ಗೆಳತಿ, ಕಡಿಮೆ ಖರ್ಚಿನ ಸಿನಿಮಾಗಳ ನಾಯಕಿ. ಎರಡನೇ ದರ್ಜೆಯ ಸಿನಿಮಾಗಳ ರಾಣಿ ಅನ್ನುವ ಬಿರುದೂ ಸಿಕ್ಕಿತು. ಹೊಗಳಿಕೆಯೋ ಬೈಗುಳವೋ ಹೇಳುವುದು ಕಷ್ಟ. ಕಂದು ಕೂದಲಿನ ಹುಡುಗಿ ಮೊದಲು ಹೊಂಬಣ್ಣ ಹಾಕಿದಳು, ಆಮೇಲೆ 40ರ ದಶಕದಲ್ಲಿ ಕೆಂಪು. ಆ ಕೆಂಪು ಕೂದಲಿನಿಂದಲೇ ಜಗತ್ತಿಗೆ ಗೊತ್ತಾದಳು. ತಮಾಷೆ ನೋಡಿ, ಗೊತ್ತಾಗಿದ್ದು ಕಪ್ಪು-ಬಿಳುಪು ಟಿವಿಯಲ್ಲಿ.

1940ರಲ್ಲಿ ಒಂದು ಸಿನಿಮಾದ ಸೆಟ್ಟಿನಲ್ಲಿ ದೇಸಿ ಅರ್ನಾಜ್ ಸಿಕ್ಕಿದ. ಕ್ಯೂಬಾದ ಸ್ಯಾಂಟಿಯಾಗೊದ ಸಿರಿವಂತರ ಮನೆ ಹುಡುಗ. 1933ರ ಕ್ರಾಂತಿಯಲ್ಲಿ ಎಲ್ಲ ಕಳೆದುಕೊಂಡು ಅಮೆರಿಕಕ್ಕೆ ಬಂದ ಕುಟುಂಬ. ಡೋಲು ಬಾರಿಸುತ್ತಾ ಹಾಡುತ್ತಿದ್ದ. ಲೂಸಿಲ್‌ಗಿಂತ ಐದಾರು ವರ್ಷ ಚಿಕ್ಕವನು. ಅದೇ ವರ್ಷ ನವೆಂಬರ್ 30ರಂದು ಇಬ್ಬರೂ ಯಾರಿಗೂ ಹೇಳದೆ ಹೋಗಿ ಮದುವೆಯಾದರು. ಅವನು ಬ್ಯಾಂಡ್ ಕಟ್ಟಿಕೊಂಡು ಊರೂರು ಸುತ್ತುವವನು, ಆಕೆ ಸ್ಟುಡಿಯೋದಲ್ಲಿ. ಕುಡಿತ ಇತ್ತು, ಬೇರೆ ಹೆಂಗಸರಿದ್ದರು. 1944ರಲ್ಲಿ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಮತ್ತೆ ರಾಜಿಯಾದರು.

1948ರಲ್ಲಿ ಸಿಬಿಎಸ್ ರೇಡಿಯೋದಲ್ಲಿ ಒಂದು ಹಾಸ್ಯ ಕಾರ್ಯಕ್ರಮ ಸಿಕ್ಕಿತು. ಬ್ಯಾಂಕ್ ಕೆಲಸದ ಗಂಡ, ಎಡವಟ್ಟು ಹೆಂಡತಿ. ಕೇಳುವವರ ಎದುರಿಗೇ ನಿಂತು ಮಾಡುವ ಕಾರ್ಯಕ್ರಮ. ಜನ ನಗುವುದು ಕಿವಿಗೆ ಬಿದ್ದಾಗ ಆಕೆಯ ಮುಖ, ಕೈಕಾಲು ಎಲ್ಲ ಬಿಚ್ಚಿಕೊಂಡವು. ಇದನ್ನೇ ಟಿವಿಗೆ ಮಾಡಿ ಅಂತ ಸಿಬಿಎಸ್ ಕೇಳಿತು. ಆಕೆ ಒಂದೇ ಷರತ್ತು ಹಾಕಿದಳು. ಗಂಡನ ಪಾತ್ರ ನನ್ನ ಗಂಡನೇ ಮಾಡಬೇಕು. ಅವನ ಇಂಗ್ಲಿಷ್ ಕೇಳಿದರೆ, ಅವನು ಒಬ್ಬ ಅಮೆರಿಕನ್ ಹೆಂಗಸಿನ ಗಂಡ ಅಂದರೆ ಯಾರು ನಂಬುತ್ತಾರೆ ಅಂತ ಚಾನೆಲ್‌ನವರ ತಕರಾರು. ಮದುವೆಯಾಗಿ ಹತ್ತು ವರ್ಷವಾದವರಿಗೆ ಈ ಮಾತು!

ಇಬ್ಬರೂ 1950ರಲ್ಲಿ ಒಂದು ಸಣ್ಣ ಪ್ರಹಸನ ಕಟ್ಟಿಕೊಂಡು ಊರೂರಿನ ಸ್ಟೇಜ್ ಹತ್ತಿದರು. ಜನ ನಂಬಿದರು, ನಕ್ಕರು. ಸಿಬಿಎಸ್ ಒಪ್ಪಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ. ಪರದೆಯ ಮೇಲೆ ಹೆಂಡತಿ ಪ್ರತಿ ವಾರ ಗಂಡನ ಶೋನಲ್ಲಿ ಒಂದು ಪಾತ್ರ ಕೊಡು ಅಂತ ಗೋಗರೆಯುತ್ತಾಳೆ. ಪರದೆಯ ಹಿಂದೆ ಗಂಡನನ್ನು ಶೋಗೆ ಸೇರಿಸಿಕೊಂಡವಳು ಹೆಂಡತಿ. ಅದೂ ಕೆಲಸಕ್ಕಾಗಿ ಅಲ್ಲ, ಅವನು ಊರೂರು ಅಲೆಯದೆ ಮನೆಯಲ್ಲಿರಲಿ ಅಂತ. ಅಮೆರಿಕದ ಟಿವಿ ಇತಿಹಾಸದ ಅಷ್ಟು ದೊಡ್ಡ ಕಾರ್ಯಕ್ರಮ ಹುಟ್ಟಿದ್ದು, ಗಂಡ ರಾತ್ರಿ ಊಟಕ್ಕೆ ಮನೆಗೆ ಬರಲಿ ಅನ್ನುವ ಆಸೆಯಿಂದ.

ಮೊದಲ ಮಗು, ಹೆಣ್ಣು, ಹುಟ್ಟಿದ್ದು 1951ರ ಜುಲೈ 17ರಂದು. ಸೆಪ್ಟೆಂಬರ್ 8ರಂದು ಲೂಸಿಲ್ ಕ್ಯಾಮೆರಾ ಮುಂದಿದ್ದಳು. ಕೂಸಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಇದನ್ನು ಹೇಳಿದಾಗ ಅಮ್ಮ, "ಬಾಣಂತಿ ಮೈ, ಬೀಳೋದು ಏಳೋದು ಅಂದ್ರೆ!" ಅಂತ ಮೊದಲ ಸಲ ಆಕೆಯ ಮೇಲೆ ಸಿಟ್ಟು ಮಾಡಿಕೊಂಡಳು. ಅಕ್ಟೋಬರ್ 15ಕ್ಕೆ ಮೊದಲ ಪ್ರಸಾರ. ಲೂಸಿಲ್‌ಗೆ 40 ವರ್ಷ. ಹಾಲಿವುಡ್ಡಿನಲ್ಲಿ ಆ ವಯಸ್ಸಿಗೆ ನಾಯಕಿಯರನ್ನು ಅಮ್ಮನ ಪಾತ್ರಕ್ಕೆ ಕಳಿಸುತ್ತಿದ್ದರು.

ದೇಸಿಯ ಪಾಲನ್ನೂ ಹೇಳಬೇಕು. ಆಗ ಟಿವಿ ಅಂದರೆ ನೇರಪ್ರಸಾರ, ಅದೂ ನ್ಯೂಯಾರ್ಕಿನಿಂದ. ದೂರದ ಊರುಗಳಿಗೆ ಟಿವಿ ಪರದೆಯನ್ನೇ ಕ್ಯಾಮೆರಾದಲ್ಲಿ ಹಿಡಿದ ಮಸುಕು ಪ್ರತಿ ಹೋಗುತ್ತಿತ್ತು. ದುಡ್ಡು ಹಾಕುತ್ತಿದ್ದ ಸಿಗರೇಟ್ ಕಂಪನಿ ನ್ಯೂಯಾರ್ಕಿಗೇ ಬನ್ನಿ ಅಂತ ಹಟ ಹಿಡಿಯಿತು. ಇವರಿಗೆ ಕ್ಯಾಲಿಫೋರ್ನಿಯಾದ ಮನೆ ಬಿಡಲು ಇಷ್ಟವಿಲ್ಲ. ಹಾಗಾದರೆ ಸಿನಿಮಾದ ಹಾಗೆ ಫಿಲ್ಮಿನಲ್ಲೇ ತೆಗೆಯೋಣ ಅಂತ ತೀರ್ಮಾನವಾಯಿತು. ಆದರೆ ಲೂಸಿಲ್‌ಗೆ ಎದುರಿಗೆ ಜನ ಬೇಕು, ನಗು ಕೇಳಿಸಬೇಕು. ಸರಿ, ಸುಮಾರು 300 ಜನರನ್ನು ಸ್ಟುಡಿಯೋದಲ್ಲಿ ಕೂರಿಸಿ, ನಾಟಕದ ಹಾಗೆ ಒಂದೇ ಓಟದಲ್ಲಿ ಆಡಿ, ಮೂರು ಕ್ಯಾಮೆರಾಗಳಲ್ಲಿ ಒಟ್ಟಿಗೆ ಹಿಡಿದರು. ಮೂರೂ ಕಡೆಯಿಂದ ಚೆನ್ನಾಗಿ ಕಾಣುವ ಹಾಗೆ ಬೆಳಕು ಕೂರಿಸಿದವನು ಕಾರ್ಲ್ ಫ್ರಾಯಿಂಡ್, ಜರ್ಮನಿಯ ಮೂಕಿ ಚಿತ್ರಗಳ ಕಾಲದ ದೊಡ್ಡ ಛಾಯಾಗ್ರಾಹಕ. ಇಂದಿಗೂ ಜನರ ಎದುರು ತೆಗೆಯುವ ಕಾಮಿಡಿಗಳು ನಡೆಯುವುದು ಈ ದಾರಿಯಲ್ಲೇ.

ಇದಕ್ಕೆಲ್ಲ ಖರ್ಚು ಜಾಸ್ತಿ. ನಿಮ್ಮ ಸಂಬಳದಲ್ಲಿ ವಾರಕ್ಕೆ 1,000 ಡಾಲರ್ ಬಿಟ್ಟುಕೊಡಿ ಅಂತ ಸಿಬಿಎಸ್ ಕೇಳಿತು. ಬಿಡ್ತೀವಿ, ಆದರೆ ತೆಗೆದ ಫಿಲ್ಮೆಲ್ಲ ನಮ್ಮದು ಅಂದ ದೇಸಿ. ಚಾನೆಲ್‌ನವರು ಖುಷಿಯಾಗಿ ಒಪ್ಪಿದರು. ಒಂದು ಸಲ ನೋಡಿದ ಕಾರ್ಯಕ್ರಮವನ್ನು ಯಾರು ಮತ್ತೆ ನೋಡುತ್ತಾರೆ ಅಂತ ಅವರ ಲೆಕ್ಕ. ಮುಂದೆ ಅದೇ ಹಳೇ ಕಂತುಗಳ ಹಕ್ಕನ್ನು ಅದೇ ಚಾನೆಲ್ ಲಕ್ಷಾಂತರ ಡಾಲರ್ ಕೊಟ್ಟು ಕೊಂಡುಕೊಂಡಿತು. ದಂಪತಿಯ ಕಂಪನಿಯ ಹೆಸರು ದೇಸಿಲು. ದೇಸಿ ಮತ್ತು ಲೂಸಿಲ್ ಸೇರಿಸಿದ್ದು, ನಮ್ಮಲ್ಲಿ ಮನೆಗೆ ಗಂಡ ಹೆಂಡತಿಯ ಹೆಸರು ಕೂಡಿಸಿ ಇಡುವುದಿಲ್ಲವಾ, ಹಾಗೆ. 1957ರ ಕೊನೆಗೆ ಆ ಕಂಪನಿ ಆರ್‌ಕೆಒ ಸ್ಟುಡಿಯೋವನ್ನು 60 ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟು ಖರೀದಿಸಿತು. 30ರ ದಶಕದಲ್ಲಿ ಲೂಸಿಲ್ ಸಂಬಳಕ್ಕಿದ್ದ ಸ್ಟುಡಿಯೋ ಅದು.

ವಾಪಸ್ ಚಾಕಲೇಟಿಗೆ ಬರುತ್ತೇನೆ.

ಎಡವಟ್ಟು ಮಾಡುವುದಕ್ಕೆ ಎಷ್ಟು ಕೆಲಸ ಇದೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ಕಂತಿಗೆ ನಾಲ್ಕು ದಿನ ರಿಹರ್ಸಲ್. ಬರೆಯುವವರು ಜೆಸ್ ಓಪನ್‌ಹೈಮರ್, ಮ್ಯಾಡೆಲಿನ್ ಪ್ಯೂ ಮತ್ತು ಬಾಬ್ ಕ್ಯಾರಲ್. ಲೂಸಿ ಮೈಕೈಯಲ್ಲಿ ಮಾಡಬೇಕಾದ ತಮಾಷೆಯನ್ನೆಲ್ಲ ಅವರು ದೊಡ್ಡಕ್ಷರದಲ್ಲಿ ಟೈಪ್ ಮಾಡುತ್ತಿದ್ದರು. ಪುಟ ಕಪ್ಪಗೆ ಕಾಣುತ್ತಿದ್ದದ್ದಕ್ಕೆ ಅದಕ್ಕೆ 'ಕಪ್ಪು ಸಾಮಾನು' ಅಂತಲೇ ಹೆಸರು. ಮ್ಯಾಡೆಲಿನ್ ಪ್ಯೂ ಹಲವನ್ನು ಮೊದಲು ತಾನೇ ಮಾಡಿ ನೋಡುತ್ತಿದ್ದಳು, ಒಬ್ಬ ಹೆಂಗಸಿನ ಕೈಯಲ್ಲಿ ಇದು ಆಗುತ್ತದಾ ಅಂತ. ಆಮೇಲೆ ಲೂಸಿಲ್ ಅದನ್ನು ಮಗ್ಗಿಯ ಹಾಗೆ ಉರುಹೊಡೆಯುತ್ತಿದ್ದಳು. ಬಾಟಲಿ ಎಲ್ಲಿ, ಚಮಚ ಯಾವ ಕೈಯಲ್ಲಿ, ಎಷ್ಟನೇ ಮಾತಿಗೆ ಕಣ್ಣು ಅರಳಬೇಕು, ಎಲ್ಲ ಲೆಕ್ಕ.

ಆ ಟಾನಿಕ್ ಜಾಹೀರಾತಿನ ಕಂತನ್ನು ನೋಡದವರು ನೋಡಿ. ವೀಟಾಮೀಟಾವೆಜಮಿನ್ ಅಂತ ಅದರ ಹೆಸರು, ವಿಟಮಿನ್ನು, ಮಾಂಸ, ತರಕಾರಿ, ಖನಿಜ ಎಲ್ಲ ಕಲಸಿದ್ದು. ಲೂಸಿ ಅದನ್ನು ಕುಡಿದು ಆಹಾ ಅನ್ನಬೇಕು. ಒಳಗೆ ಇಪ್ಪತ್ತಮೂರು ಪರ್ಸೆಂಟ್ ಆಲ್ಕೋಹಾಲ್ ಇರುವುದು ಅವಳಿಗೆ ಗೊತ್ತಿಲ್ಲ. ಮೊದಲ ಸಲ ಕುಡಿದಾಗ ಮುಖ ಸುಟ್ಟ ಬದನೆಕಾಯಿ. ತಾಲೀಮಿನ ಮೇಲೆ ತಾಲೀಮು, ಚಮಚದ ಮೇಲೆ ಚಮಚ. ನಾಲಿಗೆ ಹೊರಳುವುದಿಲ್ಲ, ಹೆಸರು ಪ್ರತಿ ಸಲ ಬೇರೆ ಥರ ಮುರಿಯುತ್ತದೆ. ಅಮಲು ಏರುವುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತಾಳೆ, ಒಂದು ಮೆಟ್ಟಿಲನ್ನೂ ಹಾರಿಸುವುದಿಲ್ಲ. ಬಾಟಲಿಯಲ್ಲಿ ನಿಜಕ್ಕೂ ಇದ್ದದ್ದು ಸೇಬಿನ ಪೆಕ್ಟಿನ್.

ಚಾಕಲೇಟಿನ ಕಂತಿನಲ್ಲಿ ಬೆಲ್ಟಿಗೆ ಮೊದಲು ಇನ್ನೊಂದು ದೃಶ್ಯ ಇದೆ. ಲೂಸಿ ಒಬ್ಬ ಗಂಭೀರ ಹೆಂಗಸಿನ ಪಕ್ಕ ಕೂತು ಕೈಯಿಂದ ಚಾಕಲೇಟ್ ಅದ್ದುತ್ತಾಳೆ. ನೊಣ ಹೊಡೆಯಲು ಹೋಗಿ ಆ ಹೆಂಗಸಿಗೆ ಬಾರಿಸುತ್ತಾಳೆ, ಆಕೆ ತಿರುಗಿ ಬಾರಿಸುತ್ತಾಳೆ. ಆ ಹೆಂಗಸು ನಟಿಯಲ್ಲ, ಚಾಕಲೇಟ್ ಅದ್ದುವ ಕೆಲಸವನ್ನೇ ಮಾಡುತ್ತಿದ್ದವಳು. ರಿಹರ್ಸಲ್‌ನಲ್ಲಿ ಮೆಲ್ಲಗೆ ತಟ್ಟಿದವಳು ಚಿತ್ರೀಕರಣದಲ್ಲಿ ಎಷ್ಟು ಜೋರಾಗಿ ಹೊಡೆದಳೆಂದರೆ ಮೂಗು ಮುರಿಯಿತು ಅಂದುಕೊಂಡೆ ಅಂತ ಲೂಸಿಲ್ ಆಮೇಲೆ ಹೇಳಿಕೊಂಡಿದ್ದಳು. ಆದರೂ ದೃಶ್ಯ ನಿಲ್ಲಿಸಲಿಲ್ಲ. ಮತ್ತೊಂದು ಸಲ ನೋಡಿದೆವು. ಅಮ್ಮನ ಕಣ್ಣು ಲೂಸಿಯ ಮೇಲಿರಲಿಲ್ಲ, ಆ ಕೆಲಸದವಳ ಕೈ ಮೇಲಿತ್ತು. "ಕೈ ನೋಡು, ಅಭ್ಯಾಸ ಇದೆ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಾನೂ ಒಂದ್ಸಲ ಹಾಳಾದ ಎರಡು ಕಾಲರ್‌ನ ಟಿಫನ್ ಡಬ್ಬಿಯೊಳಗೆ ಮುಚ್ಚಿಟ್ಟಿದ್ದೆ ಕಣೇ. ಗೇಟಲ್ಲಿ ಚೆಕ್ ಮಾಡೋಳು ಡಬ್ಬಿ ತೆಗಿಸ್ಲಿಲ್ಲ, ಬಚಾವಾದೆ."

ನನಗೆ ಆಗ ಏಳೆಂಟು ವರ್ಷ ಇರಬೇಕು. ಆ ಡಬ್ಬಿಯನ್ನು ತೊಳೆಯುತ್ತಿದ್ದವಳು ನಾನೇ.

ಎಲ್ಲವೂ ನನಗೆ ಇಷ್ಟವಾಯಿತು ಅಂತಲ್ಲ. ಕೆಲವು ಕಂತುಗಳಲ್ಲಿ ರಿಕಿ ಹೆಂಡತಿಯನ್ನು ಸಣ್ಣ ಮಗುವಿನ ಹಾಗೆ ಮಡಿಲಿಗೆ ಬೋರಲು ಹಾಕಿಕೊಂಡು ಹೊಡೆಯುತ್ತಾನೆ. ಸ್ಟುಡಿಯೋದ ಜನ ನಗುತ್ತಾರೆ. ನನಗೆ ಆಗಲಿಲ್ಲ, ಮುಂದೆ ಓಡಿಸಿದೆ. ಆ ಕಾಲ ಹಾಗಿತ್ತು ಅನ್ನುವ ಸಮಾಧಾನ ಅರ್ಧ ಮಾತ್ರ ಸಮಾಧಾನ.

ಆ ಕಾಲ ಹೇಗಿತ್ತು ಅನ್ನೋದಕ್ಕೆ ಇನ್ನೊಂದು ಕಥೆ. 1952ರಲ್ಲಿ ಲೂಸಿಲ್ ಮತ್ತೆ ಬಸುರಿಯಾದಳು. ಪರದೆಯ ಮೇಲಿನ ಗಂಡ ಹೆಂಡತಿಗೆ ಬೇರೆ ಬೇರೆ ಮಂಚ ಇದ್ದ ಕಾಲ. ಬಸುರಿಯನ್ನು ಟಿವಿಯಲ್ಲಿ ತೋರಿಸುವುದಾ? ಕೊನೆಗೆ ಕಥೆಯಲ್ಲೂ ಲೂಸಿ ಬಸುರಿ ಅಂತ ಆಯಿತು, ಆದರೆ ಆ ಶಬ್ದ ಮಾತ್ರ ಬಾಯಲ್ಲಿ ಬರಬಾರದು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರೊಟೆಸ್ಟೆಂಟ್ ಪಾದ್ರಿ, ಒಬ್ಬ ಯಹೂದಿ ಗುರು, ಮೂವರೂ ಕಥೆ ಓದಿ ಸರಿ ಅನ್ನಬೇಕು. ಕಂತಿನ ಹೆಸರಿನಲ್ಲಿ ಬಸುರಿ ಅನ್ನುವುದಕ್ಕೆ ಫ್ರೆಂಚ್ ಶಬ್ದ ಹಾಕಿ ತಪ್ಪಿಸಿಕೊಂಡರು. ನಾವೇನು ಕಮ್ಮಿಯಾ? ಇಂದಿಗೂ ನಮ್ಮ ಕಡೆ ಅತ್ತೆಯರು ಕೇಳುವುದು "ಏನಾದ್ರೂ ವಿಶೇಷ ಇದೆಯಾ?" ಅಂತಲೇ ತಾನೇ.

1953ರ ಜನವರಿ 19ರ ಬೆಳಿಗ್ಗೆ ಲೂಸಿಲ್‌ಗೆ ಸಿಸೇರಿಯನ್ ಆಗಿ ಗಂಡು ಮಗು ಹುಟ್ಟಿತು. ಅದೇ ರಾತ್ರಿ ಟಿವಿಯಲ್ಲಿ ಲೂಸಿಗೂ ಗಂಡು ಮಗು. ಕಂತನ್ನು ವಾರಗಳ ಹಿಂದೆಯೇ ತೆಗೆದಿಟ್ಟಿದ್ದರು. ಸುಮಾರು 4 ಕೋಟಿ 40 ಲಕ್ಷ ಜನ ನೋಡಿದರು. ಮಾರನೇ ದಿನ ಐಸೆನ್‌ಹೋವರ್ ಅಮೆರಿಕದ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಂಡಾಗ ನೋಡಿದವರು 3 ಕೋಟಿಯ ಒಳಗೆ. ಅಧ್ಯಕ್ಷನಿಗಿಂತ ಕೂಸು ಗೆದ್ದಿತು.

ಇಷ್ಟು ಮುದ್ದು ಮಾಡಿದ ದೇಶವೇ ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಕೆಯನ್ನು ವಿಚಾರಣೆಗೆ ಕೂರಿಸಿತು. 1936ರಲ್ಲಿ ಮತದಾರರ ಪಟ್ಟಿಯಲ್ಲಿ ಕಮ್ಯುನಿಸ್ಟ್ ಅಂತ ಹೆಸರು ಬರೆಸಿದ್ದಳು. ಅಜ್ಜನನ್ನು ಖುಷಿಪಡಿಸೋಕೆ ಬರೆಸಿದ್ದು ಅಂದಳು. ಅದೇ ಅಜ್ಜ, ಬಂದೂಕು ಕೊಟ್ಟವನು. ಅಮೆರಿಕದಲ್ಲಿ ಆಗ ಇಂಥ ಒಂದು ಸುದ್ದಿಗೆ ನಟರ ಬದುಕೇ ಮುಗಿಯುತ್ತಿತ್ತು. ಸುದ್ದಿ ಹೊರಬಿದ್ದ ವಾರ, ಚಿತ್ರೀಕರಣಕ್ಕೆ ಬಂದು ಕೂತ ಜನರ ಎದುರು ದೇಸಿ ನಿಂತು ಹೇಳಿದ: ಲೂಸಿಯಲ್ಲಿ ಕೆಂಪು ಅಂತ ಇರೋದು ಕೂದಲು ಮಾತ್ರ, ಅದೂ ಅಸಲಿ ಅಲ್ಲ. ಜನ ಎದ್ದು ಚಪ್ಪಾಳೆ ಹೊಡೆದರು. ಒಂದು ಮಾತಿನಲ್ಲಿ ಗಂಡ ಹೆಂಡತಿಯನ್ನು ಉಳಿಸಿಕೊಂಡ ಸಂದರ್ಭ ಅದು. ಎಷ್ಟು ಕುಡಿದರೂ, ಎಷ್ಟು ಅಡ್ಡಾಡಿದರೂ, ಈ ಮನುಷ್ಯನನ್ನು ಪೂರ್ತಿ ಬೈಯೋಕೆ ನನಗೆ ಮನಸ್ಸು ಬರುವುದಿಲ್ಲ.

180 ಕಂತುಗಳಾಗಿ 1957ರಲ್ಲಿ ಕಾರ್ಯಕ್ರಮ ನಿಂತಿತು. ಆಮೇಲೆ ಒಂದೊಂದು ಗಂಟೆಯ ಕೆಲವು ವಿಶೇಷ ಕಂತುಗಳು. ಕೊನೆಯದನ್ನು 1960ರ ಮಾರ್ಚ್ 2ರಂದು ತೆಗೆದರು. ಕಥೆಯ ಕೊನೆಗೆ ಇಬ್ಬರೂ ಮುತ್ತಿಟ್ಟುಕೊಳ್ಳುತ್ತಾರೆ. ಮಾರನೇ ದಿನ ಲೂಸಿಲ್ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಮದುವೆ ಉಳಿಸಿಕೊಳ್ಳೋಕೆ ಅಂತ ಶುರು ಮಾಡಿದ ಕಾರ್ಯಕ್ರಮ ಉಳಿಯಿತು.

1962ರಲ್ಲಿ ದೇಸಿಯ ಪಾಲನ್ನೂ ಕೊಂಡುಕೊಂಡು ಆಕೆಯೇ ದೇಸಿಲುವಿನ ಅಧ್ಯಕ್ಷೆಯಾದಳು. ಅಮೆರಿಕದಲ್ಲಿ ಇಷ್ಟು ದೊಡ್ಡ ಟಿವಿ ಸ್ಟುಡಿಯೋ ನಡೆಸಿದ ಮೊದಲ ಹೆಂಗಸು. ಆ ಹೊತ್ತಿಗೆ ಹೊಸ ಕಾಮಿಡಿಯೂ ಶುರುವಾಗಿತ್ತು. ಬೆಳಿಗ್ಗೆ ಕಂಪನಿಯ ಲೆಕ್ಕಪತ್ರ, ಮಧ್ಯಾಹ್ನ ಎಡವಿ ಬೀಳುವುದು. 'ಸ್ಟಾರ್ ಟ್ರೆಕ್' ಗೊತ್ತಲ್ಲ, ಬಾಹ್ಯಾಕಾಶದಲ್ಲಿ ಸುತ್ತುವವರ ಧಾರಾವಾಹಿ? ಅದನ್ನು ತೆಗೆದದ್ದು ಈ ಕಂಪನಿಯೇ. ಖರ್ಚು ಜಾಸ್ತಿ ಅಂತ ಕಂಪನಿಯೊಳಗೇ ಹಿಂಜರಿದವರಿದ್ದರು. ಲೂಸಿಲ್ ಹೂಂ ಅಂದಳು. ಯುದ್ಧದ ಸೈನಿಕರನ್ನು ರಂಜಿಸಲು ಊರೂರು ಹೋಗುವ ಸಿನಿಮಾ ತಾರೆಯರ ಕಥೆ ಅಂತ ಆಕೆ ಮೊದಲು ಅಂದುಕೊಂಡಿದ್ದಳಂತೆ. ಕಂಪನಿಯ ಅಧಿಕಾರಿಯೊಬ್ಬರು ಆಮೇಲೆ ಹೇಳಿದ ಕಥೆ ಇದು. ಏನೇ ಅಂದುಕೊಂಡಿರಲಿ, ಸಹಿ ಹಾಕಿದಳಲ್ಲ. 1967ರಲ್ಲಿ ಕಂಪನಿಯನ್ನು 1 ಕೋಟಿ 70 ಲಕ್ಷ ಡಾಲರ್‌ಗೆ ಮಾರಿದಳು.

ಆಕೆಯ ಜೊತೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಸೆಟ್ಟಿನಲ್ಲಿ ಎಲ್ಲರಿಗೂ ಹೀಗೆ ಮಾಡು, ಹಾಗೆ ನಿಲ್ಲು, ಜೋರಾಗಿ ಹೇಳು. ಅತಿಥಿ ನಟರನ್ನೂ ಬಿಡುತ್ತಿರಲಿಲ್ಲ. 1970ರಲ್ಲಿ ಆಕೆಯ ಕಾರ್ಯಕ್ರಮಕ್ಕೆ ಬಂದಿದ್ದ ಹೆಸರಾಂತ ನಟ ರಿಚರ್ಡ್ ಬರ್ಟನ್ ತನ್ನ ಡೈರಿಯಲ್ಲಿ ಆಕೆಯನ್ನು ಹಿಗ್ಗಾಮುಗ್ಗ ಬೈದಿದ್ದಾನೆ. ಇದನ್ನು ಅಮ್ಮನಿಗೆ ಹೇಳೋಣವಾ ಬೇಡವಾ ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ಹೇಳಿದೆ. "ಅಂದ್ರೆ ಆಮೇಲೆ ಅವಳೇ ಸೂಪರ್‌ವೈಸರ್ ಆದ್ಳು ಅನ್ನು" ಅಂದಳು. ಬೇಜಾರಾದ ಹಾಗೆ ಕಾಣಲಿಲ್ಲ. ಲೈನಿನಿಂದ ಮೇಲೆ ಹೋದವರು ಇನ್ನೂ ಬಿಗಿ, ಯಾಕೆಂದರೆ ಅವರಿಗೆ ಕೆಲಸ ಗೊತ್ತು, ಮೋಸ ಮಾಡೋಕಾಗಲ್ಲ ಅಂತ ಅವಳ ವಾದ.

ನಿಲ್ಲಿಸಬೇಕಾದಾಗ ನಿಲ್ಲಿಸುವುದು, ಬಹುಶಃ ಆಕೆಗೆ ಬಾರದ ಕೆಲಸ ಇದೊಂದೇ. 1986ರಲ್ಲಿ, 75ನೇ ವಯಸ್ಸಿಗೆ, ಇನ್ನೊಂದು ಕಾಮಿಡಿ ಹಿಡಿದು ಬಂದಳು. ಬರೆದವರಲ್ಲಿ ಅದೇ ಮ್ಯಾಡೆಲಿನ್, ಅದೇ ಬಾಬ್. ಮತ್ತೆ ಏಣಿ, ಮತ್ತೆ ಬೀಳುವುದು. ಒಂದು ಕಂತು ನೋಡಿದೆ. ನಗು ಬರಲಿಲ್ಲ. ಅಜ್ಜಿ ಬಿದ್ದರೆ ನಾವು ಓಡಿ ಹೋಗಿ ಹಿಡಿದುಕೊಳ್ಳುತ್ತೇವೆ, ಅಲ್ವಾ. ಎಂಟು ಕಂತು ತೋರಿಸಿ ಚಾನೆಲ್ ಕೈಬಿಟ್ಟಿತು.

ಅದೇ ವರ್ಷ ಡಿಸೆಂಬರ್ 2ರಂದು ದೇಸಿ ಕ್ಯಾನ್ಸರ್‌ನಿಂದ ತೀರಿಕೊಂಡ. ಐದು ದಿನ ಬಿಟ್ಟು ವಾಷಿಂಗ್ಟನ್‌ನಲ್ಲಿ ಲೂಸಿಲ್‌ಗೆ ಕೆನಡಿ ಸೆಂಟರ್ ಗೌರವ, ಅಮೆರಿಕದಲ್ಲಿ ಕಲಾವಿದರಿಗೆ ಕೊಡುವ ದೊಡ್ಡ ಸನ್ಮಾನ. ಆ ಸಮಾರಂಭಕ್ಕೆ ಅಂತ ದೇಸಿ ಮೊದಲೇ ಕೆಲವು ಸಾಲು ಬರೆದುಕೊಟ್ಟಿದ್ದ. ನಟ ರಾಬರ್ಟ್ ಸ್ಟ್ಯಾಕ್ ಅದನ್ನು ವೇದಿಕೆಯ ಮೇಲೆ ಓದಿದ. ಕೊನೆಯಲ್ಲಿ, ನಾವು ಕಾಗದದಲ್ಲಿ 'ವಿಶೇಷ ಸೂಚನೆ' ಅಂತ ಬರೆಯುವ ಹಾಗೆ, ಒಂದು ಸಾಲು: 'ಐ ಲವ್ ಲೂಸಿ' ಅನ್ನೋದು ಯಾವತ್ತೂ ಬರೀ ಶೀರ್ಷಿಕೆ ಆಗಿರಲಿಲ್ಲ. ಆ ವಿಡಿಯೋ ಸಿಗುತ್ತದೆ. ಮೇಲೆ ಬಾಲ್ಕನಿಯಲ್ಲಿ ಕೂತ ಲೂಸಿಲ್‌ನ ಮುಖ ನೋಡಿ. ಮುಖದ ಒಂದೊಂದು ಗೆರೆಗೂ ಕೆಲಸ ಕಲಿಸಿದ್ದ ಹೆಂಗಸಿಗೆ ಆ ಕ್ಷಣ ಮುಖ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ.

1989ರ ಏಪ್ರಿಲ್ 26ರಂದು, 77ನೇ ವಯಸ್ಸಿನಲ್ಲಿ, ಲೂಸಿಲ್ ತೀರಿಕೊಂಡಳು.

2009ರಲ್ಲಿ ಸೆಲೊರಾನ್‌ನ ಪಾರ್ಕಿನಲ್ಲಿ ಆಕೆಯ ಕಂಚಿನ ಪ್ರತಿಮೆ ನಿಲ್ಲಿಸಿದರು. ಒಂದು ಕೈಯಲ್ಲಿ ಟಾನಿಕ್ ಬಾಟಲಿ, ಇನ್ನೊಂದರಲ್ಲಿ ಚಮಚ. ಮುಖ ಮಾತ್ರ ಯಾರದ್ದೋ. ಕಣ್ಣು ಕೆರಳಿ, ಹಲ್ಲು ಕಿರಿದು, ಮಕ್ಕಳು ಹೆದರಿಕೊಳ್ಳುವ ಹಾಗಿದೆ. 'ಭಯಂಕರ ಲೂಸಿ' ಅಂತ ಜಗತ್ತಿಡೀ ನಕ್ಕಿತು. ಕೊನೆಗೆ 2016ರ ಆಗಸ್ಟ್ 6ರಂದು, ಆಕೆಯ ಹುಟ್ಟುಹಬ್ಬದ ದಿನ, ಬೇರೆ ಶಿಲ್ಪಿ ಮಾಡಿದ ಹೊಸ ಪ್ರತಿಮೆ ಬಂತು. ಚೆಂದದ್ದು, ಆಕೆಯ ಹಾಗೇ ಇರುವುದು.

ಮೊನ್ನೆ ರಾತ್ರಿ ಎರಡೂ ಫೋಟೋಗಳನ್ನು ಅಮ್ಮನಿಗೆ ತೋರಿಸಿದೆ. ಹೊಸದನ್ನು ನೋಡಿ ಹೂಂ ಅಂದಳು. ಹಳೆಯದನ್ನು ನೋಡಿ ಕನ್ನಡಕ ತಂದಳು. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದ್ಯಾರು?"

"ಅವಳೇ ಅಮ್ಮ. ಚಾಕಲೇಟ್ ತಿಂದ್ಳಲ್ಲ."

ಇನ್ನೊಂದು ಸಲ ನೋಡಿ ಮೊಬೈಲ್ ವಾಪಸ್ ಕೊಟ್ಟಳು.

"ಪಾಪ, ಮಾಡಿದೋನಿಗೆ ಟಾರ್ಗೆಟ್ ಇತ್ತೇನೋ" ಅಂದಳು.